ಹೆಂಚಿನ ಮನೆಯ ಸಣ್ಣಪುಟ್ಟ ರಿಪೇರಿ: ಬಳಕೆದಾರರ ಕೈಪಿಡಿ

ಸಕಲೇಶಪುರ, ಆಲೂರು ಸೀಮೆಯ ಹಳೇ ಹೆಂಚಿನ ಮನೆಯೊಂದಕ್ಕೆ ಯಜಮಾನರಾದದ್ದಕ್ಕೆ ಅಭಿನಂದನೆ. ಇದು ನೀವು ಆರಿಸಿಕೊಂಡದ್ದಲ್ಲ, ಪಾಲಿನಲ್ಲಿ ಬಂದದ್ದು ಎಂಬುದು ನಮಗೂ ಗೊತ್ತು. ಪಂಚಾಯಿತಿ ಕೂತ ದಿನ ಬುದ್ಧಿವಂತ ತಮ್ಮ ರಸ್ತೆ ಪಕ್ಕದ ತೋಟ ಕೇಳಿದ. ನಿಮಗೆ 'ನೀನು ಹಿರೀಮಗ ಅಲ್ವೇನಪ್ಪಾ, ದೇವರ ಕೋಣೆ ಇರೋ ಮನೆ ನೀನೇ ಇಟ್ಕೋ' ಎಂದು ಮರ್ಯಾದೆ ಕೊಟ್ಟರು. ಆ ಮರ್ಯಾದೆ ವರ್ಷವರ್ಷವೂ ಮೃಗಶಿರಾ ಮಳೆ ಹುಟ್ಟುತ್ತಲೇ ಸೋರಲು ಶುರುವಾಗುತ್ತದೆ.

ಸಮುದ್ರದ ಕಡೆ ಹಳೇ ಹಾಯಿದೋಣಿ ಸಾಕುವ ಜನರಿದ್ದಾರೆ. ಸಂದಿಗೆ ನಾರು ತುರುಕಿ, ಮೇಲೆ ಎಣ್ಣೆ ಬಳಿದು, ನೀರು ಒಳಗೆ ಬರದಂತೆ ನೋಡಿಕೊಳ್ಳುವುದರಲ್ಲೇ ಅವರ ರಜೆಯೆಲ್ಲ ಮುಗಿಯುತ್ತದೆ. ಬೆಟ್ಟದವರಾದ ನಾವು ಅದೇ ದೋಣಿಯನ್ನು ಬೋರಲು ಹಾಕಿ ಅಡಿಯಲ್ಲಿ ಸಂಸಾರ ಮಾಡುತ್ತೇವೆ. ಅವರದು ಹವ್ಯಾಸ ಅನ್ನಿಸಿಕೊಳ್ಳುತ್ತದೆ, ನಮ್ಮದು ಹಣೆಬರಹ.

ಈ ಕೈಪಿಡಿಯನ್ನು ಕಾಫಿಗೆ ಹೂಮಳೆ ಬಿದ್ದ ಮೇಲೆ, ಮುಂಗಾರು ಹತ್ತುವ ಮೊದಲು, ಒಣಗಿದ ಜಗಲಿಯಲ್ಲಿ ಕೂತು ಓದತಕ್ಕದ್ದು. ಆರಿದ್ರಾ ಮಳೆ ಹೊಡೆಯುತ್ತಿರುವಾಗ ಇದನ್ನು ಹುಡುಕಿ ತೆಗೆದವರು ಮಧ್ಯದ್ದೆಲ್ಲ ಬಿಟ್ಟು ನೇರವಾಗಿ 'ತುರ್ತು' ಎಂದಿರುವ ಭಾಗಕ್ಕೆ ಹೋಗಬಹುದು.

ನಿಮ್ಮ ಮಾದರಿ ಯಾವುದು?

ಅಟ್ಟ ಹತ್ತಿ ಟಾರ್ಚು ಬಿಡಿ. ಹೆಂಚಿನ ಹೊಟ್ಟೆಯ ಮೇಲೆ ಉಬ್ಬು ಅಕ್ಷರ ಕಾಣುತ್ತವೆ. ಬಾಸೆಲ್ ಮಿಷನ್ ಎಂದಿದ್ದು ಪಕ್ಕದಲ್ಲಿ 1865 ಎಂದೂ ಇದ್ದರೆ ದಯವಿಟ್ಟು ಕೆಳಗಿಳಿದು ಬಂದು 'ನಮ್ಮ ಮನೆ 1865ರದ್ದು' ಎಂದು ನೆಂಟರಿಗೆಲ್ಲ ಹೇಳಬೇಡಿ. ಅದು ಕಾರ್ಖಾನೆ ಶುರುವಾದ ಇಸವಿ. ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಷನರಿ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿ ದಂಡೆಯ ಜೇಡಿಮಣ್ಣು ನೋಡಿ, ಹೆಂಚಿನ ಕಾರ್ಖಾನೆ ಹಾಕಿದ್ದು ಆ ವರ್ಷ. ಆಮೇಲೆ ದಶಕಗಳ ಕಾಲ ಹೊರಬಿದ್ದ ಹೆಂಚಿಗೂ ಅದೇ ಇಸವಿ ಒತ್ತಿದರು. ಆಲ್ಬುಕರ್ಕ್ ಕಂಪನಿಯ 1868 ಕೂಡ ಇದೇ ಜಾತಿ. ಹೆಂಚಿನಲ್ಲಿ ಕಾಮನ್‌ವೆಲ್ತ್ ಟ್ರಸ್ಟಿನ ಹೆಸರಿದ್ದರೆ ಮಾತ್ರ ವಯಸ್ಸಿನ ಸುಳಿವು ಸ್ವಲ್ಪ ಸಿಗುತ್ತದೆ. ಮೊದಲನೇ ಮಹಾಯುದ್ಧದಲ್ಲಿ ಮಿಷನ್ನಿನ ಕಾರ್ಖಾನೆಗಳನ್ನು ಶತ್ರುಗಳ ಆಸ್ತಿಯೆಂದು ಬ್ರಿಟಿಷರು ವಶಕ್ಕೆ ತೆಗೆದುಕೊಂಡರು, ಆಮೇಲೆ ಅವು ಆ ಟ್ರಸ್ಟಿನ ಕೈಗೆ ಹೋದವು. ಅಂದರೆ ಅಂಥ ಹೆಂಚು ಯುದ್ಧ ಮುಗಿದ ಮೇಲಿನದು. ತಾತ ಅದನ್ನು ಹೊದಿಸಿದ್ದು ಯುದ್ಧಕ್ಕೆ ಮೊದಲು ಎಂದು ಮನೆಯಲ್ಲಿ ಹೇಳಿಕೊಂಡು ಬಂದಿದ್ದರೆ ಆ ವಿಷಯ ನಿಮ್ಮಲ್ಲೇ ಇರಲಿ.

ಒಂದನ್ನೊಂದು ಕಚ್ಚಿಕೊಂಡು ಕೂರುವ ಈ ಹೆಂಚಿನ ಉಪಾಯವೂ ಮಂಗಳೂರಿನದಲ್ಲ. ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯದ ಜಿಲಾರ್ದೊನಿ ಎಂಬ ಅಣ್ಣತಮ್ಮಂದಿರು 1841ರಲ್ಲಿ ಇದಕ್ಕೆ ಪೇಟೆಂಟ್ ಪಡೆದಿದ್ದರು. ನಮ್ಮ ಕಡೆಗೆ ಅದು ಶಿರಾಡಿ ಘಾಟಿ ಹತ್ತಿ ಗಾಡಿಯಲ್ಲಿ, ಆಮೇಲೆ ಲಾರಿಯಲ್ಲಿ ಬಂತು. ಮಂಗಳೂರು ಹಾಸನದ ರೈಲು ಓಡಿದ್ದೇ 1979ರಲ್ಲಿ. ಐವತ್ತೇಳು ಸುರಂಗ ಕೊರೆದು ರೈಲು ದೋಣಿಗಲ್ ಮುಟ್ಟುವ ಹೊತ್ತಿಗೆ ನಿಮ್ಮ ಮಾಡಿನ ಹೆಂಚು ಹಾವಸೆ ಹಿಡಿದು ಕಪ್ಪಾಗಿತ್ತು.

ಗುರುತು ಯಾವುದೇ ಇರಲಿ, ಬರೆದಿಟ್ಟುಕೊಳ್ಳಿ. ಅದರಿಂದ ಮುಂದೆ ಕೆಲಸವಿದೆ.

ಬೇಕಾಗುವ ಸಾಮಾನು

ಏಣಿ ಒಂದು. ಮೆಣಸು ಕೊಯ್ಯುವ ಒಂಟಿ ಬಿದಿರಿನ ಏಣಿ ಸಿಲ್ವರ್ ಓಕ್ ಮರಕ್ಕೆ ಸರಿ, ಮಾಡಿಗೆ ಬೇಡ. ಕಾಫಿ ಗೋಣಿಚೀಲ ಎರಡು. ತಗಡಿನ ತುಂಡು, ಒಣಗಿದ ಅಡಕೆ ಹಾಳೆ, ಒಂದು ಉದ್ದ ಕೋಲು, ಟಾರ್ಚು. ಏಣಿ ಹಿಡಿಯಲು ಒಬ್ಬ ಮನುಷ್ಯ. ಅವನ ಜೇಬಿನ ಮೊಬೈಲನ್ನು ಮೊದಲೇ ಇಸಿದುಕೊಂಡು ಒಳಗಿಡುವುದು.

ಇಷ್ಟರ ಮೇಲೆ ಬದಲಿ ಹೆಂಚು ಬೇಕು. ಅದು ಬಚ್ಚಲಮನೆಯ ಹಿಂದೆ ನಿಮ್ಮ ಅಪ್ಪನ ಕಾಲದಿಂದ ಜೋಡಿಸಿಟ್ಟ ರಾಶಿಯಲ್ಲಿದೆ. ರಾಶಿಗೆ ಕೈ ಹಾಕುವ ಮೊದಲು ಕೋಲಿನಿಂದ ಬಡಿದು ಸ್ವಲ್ಪ ಹೊತ್ತು ಕಾಯಿರಿ. ಒಳಗೆ ಬಾಡಿಗೆ ಇಲ್ಲದೆ ಇರುವವರಿಗೆ ಹೊರಡಲು ಸಮಯ ಕೊಡಬೇಕು. ಚೇಳು ಮಾತ್ರ ನೋಟೀಸಿಗೆ ಜಗ್ಗುವುದಿಲ್ಲ, ಹೆಂಚನ್ನು ಎತ್ತುವಾಗ ಅಡಿಗೆ ಬೆರಳು ಹಾಕಬೇಡಿ.

'ಹೊಸ ಹೆಂಚೇ ತಂದರಾಯ್ತಲ್ಲ' ಎನ್ನುವವರಿಗೆ ಒಂದು ಮಾತು. ಮಂಗಳೂರು ಹೆಂಚಿನ ಸರ್ಕಾರಿ ಮಾನಕ ಐಎಸ್ 654ರಲ್ಲೇ 410, 420, 425 ಮಿಲಿಮೀಟರ್ ಎಂದು ಮೂರು ಉದ್ದಗಳಿವೆ. ಮಾನಕ ಬರುವುದಕ್ಕೂ ಮೊದಲಿನ ಕಾರ್ಖಾನೆಗಳದು ಅವರವರ ಅಚ್ಚು, ಅವರವರ ಅಳತೆ. ಒಂದು ಗುರುತಿನ ಸಾಲಿನಲ್ಲಿ ಇನ್ನೊಂದು ಗುರುತಿನ ಹೆಂಚು ಕೂರಿಸಿದರೆ ದೂರದಿಂದ ಚಂದವಾಗಿಯೇ ಕಾಣುತ್ತದೆ, ಆದರೆ ಪಕ್ಕದ ತುಟಿ ಕಚ್ಚುವುದಿಲ್ಲ. ಕಚ್ಚದ ಬೆರಳಗಲದಲ್ಲಿ ಪುಷ್ಯ ಮಳೆ ಇಡಿಯಾಗಿ ಒಳಗೆ ಬರುತ್ತದೆ. ಹಾಗಾಗಿ ಹಿತ್ತಲಿನ ಆ ರಾಶಿಯನ್ನು 'ಕಸ' ಎಂದು ಎಸೆಯಹೊರಟ ಸೊಸೆಗೋ ಅಳಿಯನಿಗೋ ಯಾರಾದರೂ ಹಿರಿಯರು ಅಡ್ಡ ನಿಲ್ಲಬೇಕು.

ಸೋರುವ ಜಾಗ ಪತ್ತೆ ಮಾಡುವುದು

ಬಕೀಟಿನ ನೇರ ಮೇಲೆ ತೂತಿದೆ ಎಂದು ನಂಬಿರುವುದು ಈ ಊರಿನಲ್ಲಿ ನೀವೊಬ್ಬರೇ ಅಲ್ಲ. ನೀರು ಒಂದು ಕಡೆ ಹೊಕ್ಕು ರೀಪಿನ ಮೇಲೆ ಅಡ್ಡ ಹರಿದು, ಪಕ್ಕಾಸಿನ ಬೆನ್ನು ಹಿಡಿದು ಇಳಿದು, ಎಲ್ಲಿ ಮರದ ಗಂಟೋ ಮೊಳೆಯೋ ಸಿಕ್ಕಿತೋ ಅಲ್ಲಿ ತೊಟ್ಟಿಕ್ಕುತ್ತದೆ. ಅಡುಗೆಮನೆಯ ಒಲೆ ಮೇಲೆ ಬೀಳುವ ಹನಿಯ ಮೂಲ ದೇವರ ಕೋಣೆಯ ಮೇಲಿರಬಹುದು. ಮೂಲ ಯಾವತ್ತೂ ಹನಿಗಿಂತ ಮೇಲಿನ ಸಾಲಿನಲ್ಲಿರುತ್ತದೆ. ಈ ಒಂದು ನಿಯಮ ನೆನಪಿದ್ದರೆ ಅರ್ಧ ಮಾಡು ಬಿಚ್ಚುವುದು ತಪ್ಪುತ್ತದೆ.

ಬಿಸಿಲಿನ ದಿನ ಅಟ್ಟದ ಕತ್ತಲಲ್ಲಿ ನಿಂತು ಮೇಲೆ ನೋಡಿದರೆ ನಕ್ಷತ್ರದ ಹಾಗೆ ಬೆಳಕಿನ ಚುಕ್ಕೆಗಳು ಕಾಣುತ್ತವೆ. ಗಾಬರಿ ಬೇಡ. ಹೆಂಚಿನ ಸಂದಿಯಲ್ಲಿ ಬೆಳಕು ಬರುವುದು ಸಹಜ. ಬೆಳಕು ಹತ್ತುವ ದಾರಿಯನ್ನು ನೀರು ಹತ್ತಲಾರದು. ಸೋರುವ ಹೆಂಚು ಬಹಳ ಸಲ ಬೆಳಕು ತೋರಿಸುವುದೇ ಇಲ್ಲ, ಕೂದಲೆಳೆಯಷ್ಟು ಸೀಳಿರುತ್ತದೆ. ಅದನ್ನು ಕಣ್ಣಿಗಿಂತ ಕಿವಿಯೇ ಚೆನ್ನಾಗಿ ಹಿಡಿಯುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿ. ಗಟ್ಟಿ ಹೆಂಚು ಣಂಗ್ ಎನ್ನುತ್ತದೆ, ಸೀಳಿದ್ದು ಡಬ್ ಎನ್ನುತ್ತದೆ. ರೀಪಿನ ಮೇಲೆ ನೀರು ಹರಿದ ಕಪ್ಪು ಗೆರೆ ಇರುತ್ತದೆ, ಅದನ್ನು ಹಿಡಿದು ಮೇಲಕ್ಕೆ ಹೋಗಿ.

ಗಾಳಿಮಳೆಯಲ್ಲಿ ಮಾತ್ರ ಸೋರಿ, ನೆಟ್ಟಗೆ ಸುರಿದಾಗ ಸೋರದಿದ್ದರೆ ಅದು ಇರಚಲು. ಅಂಥ ಕಡೆ ಹೆಂಚಿಗೆ ಏನೂ ಆಗಿರುವುದಿಲ್ಲ, ಮಾಡಿನ ಇಳಿಜಾರು ಸಾಲದೆ ಗಾಳಿ ನೀರನ್ನು ಹಿಂದಕ್ಕೆ ತಳ್ಳಿರುತ್ತದೆ. ಘಾಟಿಯ ಅಂಚಿನಿಂದ ಪೂರ್ವಕ್ಕೆ ಬಂದಂತೆ ಮಳೆ ಬೇಗಬೇಗ ಇಳಿಯುತ್ತದೆ. ಬಿಸ್ಲೆ, ಹೆತ್ತೂರಿನ ಮಳೆಯೇ ಬೇರೆ, ಆಲೂರು ಪೇಟೆಯ ಮಳೆಯೇ ಬೇರೆ. ಆಲೂರಿನ ಮನೆಯ ಇಳಿಜಾರು ನೋಡಿಕೊಂಡು ಹೆತ್ತೂರಿನಲ್ಲಿ ಮನೆ ಕಟ್ಟಿಸಿದ ತಾತನಿಗೆ ಈಗ ಬೈದು ಪ್ರಯೋಜನವಿಲ್ಲ. ಗಾಳಿ ಹೊಡೆಯುವ ಪಡುವಣ ಗೋಡೆಯ ಕಡೆ ಹಾಸಿಗೆ ಹಾಕಬೇಡಿ, ಅಷ್ಟೇ.

ಹೆಂಚು ಬದಲಿಸುವುದು

ಪ್ರತಿ ಬೇಸಿಗೆಯೂ ಇಡೀ ಮಾಡಿಗೆ ಹೆಂಚು ಕೈಯಾಡಿಸಬೇಕು ಎಂಬುದು ಹಿರಿಯರ ಪದ್ಧತಿ. ಕೈಯಾಡಿಸುವ ಮುದುಕ ಒಬ್ಬ ಊರಲ್ಲಿ ಇನ್ನೂ ಇದ್ದಾನೆ. 'ಯಾವಾಗ ಬರ್ತೀಯೋ ಮಾರಾಯ?' ಎಂದರೆ 'ನಾಳಿದ್ದು ಬರ್ತೀನಿ ಬಿಡಿ ಗೌಡ್ರೇ' ಎನ್ನುತ್ತಾನೆ. ದೀಪಾವಳಿಯ ಒಳಗೆ ಬರುವ ಯಾವ ದಿನವೂ ನಾಳಿದ್ದು ಆಗಬಹುದು. ತೋಟಕ್ಕೆ ಬಂದಿರುವ ಅಸ್ಸಾಮಿನ ಹುಡುಗರು ಚುರುಕು, ಧೈರ್ಯಸ್ಥರು, ಆದರೆ ಅವರ ಊರಿನಲ್ಲಿ ತಗಡಿನ ಮಾಡು. ಹೇಳಿಕೊಡದೆ ಹತ್ತಿಸಿದರೆ ಮೊದಲ ಹೆಜ್ಜೆಯೇ ಹೆಂಚಿನ ನಟ್ಟನಡುವೆ ಬಿದ್ದು, ಒಂದು ಸೋರುತ್ತಿದ್ದ ಕಡೆ ಏಳು ಸೋರುತ್ತವೆ. ತಪ್ಪು ಹತ್ತಿಸಿದವರದು. ಆದ್ದರಿಂದ ನೀವೇ ಹತ್ತುವುದನ್ನು ಕಲಿಯಿರಿ.

ಹತ್ತುವುದು ಬೆಳಗಿನ ಇಬ್ಬನಿ ಆರಿದ ಮೇಲೆ. ಒದ್ದೆ ಹಾವಸೆಯ ಮೇಲೆ ಕಾಲಿಟ್ಟವರು ಮುಂದಿನ ಸೂಚನೆಗಳನ್ನು ಆಸ್ಪತ್ರೆಯಲ್ಲಿ ಓದಬೇಕಾಗುತ್ತದೆ. ಎರಡು ಸಾಲು ಹೆಂಚು ಒಂದರ ಮೇಲೊಂದು ಕೂತ ಕಡೆ ಅಡಿಯಲ್ಲಿ ರೀಪಿರುತ್ತದೆ. ಕಾಲು ಅಲ್ಲೇ, ಅದೂ ಮಡಚಿದ ಗೋಣಿ ಹಾಕಿ. ರೀಪನ್ನೂ ನಂಬುವ ಮೊದಲು ಅಟ್ಟದಿಂದ ಒಮ್ಮೆ ಚಾಕುವಿನಿಂದ ಚುಚ್ಚಿ ನೋಡಿ. ಕುಟ್ಟೆ ಹಿಡಿದ ರೀಪು ಹೊರಗಿನಿಂದ ಗಟ್ಟಿಮುಟ್ಟಾಗಿ ಕಂಡು ಒಳಗೆಲ್ಲ ಹಿಟ್ಟಾಗಿರುತ್ತದೆ. ಬೈನೆಯ ರೀಪು ಬಾಳುವಷ್ಟು ಸಿಲ್ವರ್ ಓಕಿನದು ಬಾಳುವುದಿಲ್ಲ. ಹಾಕಿದರೆ ಗೇರೆಣ್ಣೆ ಬಳಿದೇ ಹಾಕಿ, ಬಳಿಯುವಾಗ ಕೈಗೆ ಪ್ಲಾಸ್ಟಿಕ್ ಕಟ್ಟಿಕೊಳ್ಳಿ. ಗೇರೆಣ್ಣೆ ಗೆದ್ದಲಿಗೆ ಮಾಡುವುದನ್ನೇ ನಿಮ್ಮ ಚರ್ಮಕ್ಕೂ ಮಾಡುತ್ತದೆ.

ಈಗ ಹೆಂಚು. ಮೇಲಿನ ಸಾಲಿನ ಹೆಂಚಿನ ಬುಡವನ್ನು ಬೆರಳಷ್ಟು ಎತ್ತಿ ಹಿಡಿಯಿರಿ. ಒಡೆದ ಹೆಂಚನ್ನು ಸ್ವಲ್ಪ ಮೇಲಕ್ಕೆ ದೂಡಿದರೆ ರೀಪಿಗೆ ಸಿಕ್ಕಿಸಿಕೊಂಡ ಅದರ ಹಲ್ಲು ಕಳಚುತ್ತದೆ. ಆಮೇಲೆ ಕೆಳಕ್ಕೆ ಎಳೆದುಕೊಳ್ಳಿ. ಅದೇ ದಾರಿಯಲ್ಲಿ ಹೊಸದನ್ನು ತೂರಿಸಿ, ಹಲ್ಲು ರೀಪಿಗೆ ಕೂತದ್ದು ಕೈಗೆ ಗೊತ್ತಾಗುವ ತನಕ ಅಲುಗಿಸಿ, ಪಕ್ಕದ ತುಟಿಯ ಮೇಲೆ ತುಟಿ ಕೂರಿಸಿ, ಮೇಲಿನದನ್ನು ಬಿಡಿ. ಮುಗಿಯಿತು. ಮೊಳೆ ಬೇಡ, ಅಂಟು ಬೇಡ, ವಿದ್ಯೆಯೂ ಅಷ್ಟೇನೂ ಬೇಡ. ಅಟ್ಟ ಎತ್ತರವಿದ್ದರೆ ಒಳಗೆ ನಿಂತೇ ಈ ಕೆಲಸ ಮಾಡಬಹುದು. ಮಾಡು ಹತ್ತಲು ಹೆಂಡತಿ ಬಿಡದವರು ಹೀಗೇ ಮಾಡುತ್ತಾರೆ.

ಇಲ್ಲಿ ಕೈಪಿಡಿಯ ಗತ್ತು ಬಿಟ್ಟು ಒಂದು ನಿಮಿಷ ಮಾತಾಡಬೇಕು. ಈ ಮಾಡಿನಲ್ಲಿ ಯಾವುದೂ ಯಾವುದಕ್ಕೂ ಅಂಟಿಕೊಂಡಿಲ್ಲ. ಎರಡು ಮೂರು ಕೇಜಿಯ ಮಣ್ಣಿನ ಹಲಗೆಗಳು ತಮ್ಮ ಭಾರದಿಂದ, ಎರಡು ಹಲ್ಲಿನಿಂದ, ಪಕ್ಕದವನ ತುಟಿಯ ಆಸರೆಯಿಂದ ಕೂತಿವೆ. ಸಡಿಲವಾಗಿರುವುದರಿಂದಲೇ ಬಿಸಿಲಿಗೆ ಹಿಗ್ಗುತ್ತವೆ, ಗಾಳಿಗೆ ಗಡಗಡ ಅಂದು ಮತ್ತೆ ಕೂರುತ್ತವೆ, ಒಳಗಿನ ಒಲೆಯ ಹೊಗೆಯನ್ನು ಹೊರಗೆ ಬಿಡುತ್ತವೆ. ಒಂದು ಒಡೆದರೆ ಒಂದನ್ನೇ ಬದಲಿಸಬಹುದು, ಅದನ್ನೂ ಇಂಜಿನಿಯರ್ ಇಲ್ಲದೆ ನಿಮ್ಮಂಥವರು ಬದಲಿಸಬಹುದು. ಈ ಗುಣ ಇರುವ ತನಕ ಮನೆ ರಿಪೇರಿಗೆ ಸಿಗುತ್ತದೆ. ಅದನ್ನು ಕಳೆಯುವ ಕೆಲಸಗಳಿಗೆ ಊರಲ್ಲಿ 'ಪರ್ಮನೆಂಟ್ ರಿಪೇರಿ' ಎಂಬ ಹೆಸರಿದೆ.

ಪರ್ಮನೆಂಟ್ ರಿಪೇರಿ, ಅಂದರೆ ಮಾಡಬಾರದ್ದು

ಸೀಳಿಗೆ ಸಿಮೆಂಟು ಮೆತ್ತುವುದು. ಸಿಮೆಂಟು ಹೆಂಚಿನ ಜೊತೆ ಹಿಗ್ಗುವುದಿಲ್ಲ, ಬೇಸಿಗೆಯಲ್ಲಿ ಬಿಟ್ಟುಕೊಂಡು ಮಳೆಗಾಲಕ್ಕೆ ಹೊಸ ಸಂದಿ ಮಾಡಿಕೊಡುತ್ತದೆ. ಅಷ್ಟಾದರೆ ಸಹಿಸಬಹುದಿತ್ತು. ಪಕ್ಕದ ಎರಡು ಹೆಂಚಿಗೂ ಅಂಟಿರುತ್ತದಾದ್ದರಿಂದ ಮುಂದಿನ ವರ್ಷ ಒಂದನ್ನು ತೆಗೆಯಲು ಹೋದರೆ ಮೂರು ಬರುತ್ತವೆ. ಗಾರೆಗೆ ಹಕ್ಕಿರುವ ಜಾಗ ಮಾಡಿನ ನೆತ್ತಿಯೊಂದೇ. ನೆತ್ತಿಯ ಮೇಲೆ ಬೋರಲು ಕೂರುವ ಹೆಂಚುಗಳ ಅಡಿಗೆ ಹಿಂದಿನವರು ಸುಣ್ಣದ ಗಾರೆ ಇಡುತ್ತಿದ್ದರು; ಅದು ಮೆದು, ಸ್ವಲ್ಪ ಕೊಡುಕೊಳ್ಳುವ ಬುದ್ಧಿಯಿದೆ.

ಡಾಂಬರು ಬಳಿಯುವುದು. ಏಪ್ರಿಲ್ ಬಿಸಿಲಿಗೆ ಕರಗಿ ಅಟ್ಟದ ಮೇಲಿನ ಭತ್ತದ ಮೂಟೆಗೆ ಇಳಿಯುತ್ತದೆ.

ಎಂ-ಸೀಲ್. ಪೈಪಿಗೆ ದೇವರಂಥದು. ಹಾವಸೆ, ಧೂಳು ಕೂತ ಹೆಂಚಿಗೆ ಅದು ಹಿಡಿಯುವುದು ಹಾವಸೆಯನ್ನು, ಹೆಂಚನ್ನಲ್ಲ.

ಇನ್ನು ಶೀಟು. ಹೆಂಚಿನ ಮೇಲೆಯೇ ಕಬ್ಬಿಣದ ಪೈಪು ನಿಲ್ಲಿಸಿ ಬಣ್ಣದ ಶೀಟು ಹೊದಿಸುವುದು ಈಗ ಬಾಳ್ಳುಪೇಟೆಯಿಂದ ಹಾನಬಾಳಿನ ತನಕ ಕಾಣುತ್ತದೆ. ಸೋರುವುದು ನಿಲ್ಲುತ್ತದೆ, ಸುಳ್ಳಲ್ಲ. ಮಕ್ಕಳೆಲ್ಲ ಬೆಂಗಳೂರಿನಲ್ಲಿದ್ದು ಮನೆಯಲ್ಲಿ ಇಬ್ಬರೇ ಮುದುಕರಿರುವಾಗ ಶೀಟು ಹಾಕಿಸಿದವರನ್ನು ಈ ಕೈಪಿಡಿ ಬೈಯುವುದಿಲ್ಲ. ಎಪ್ಪತ್ತು ದಾಟಿದವರನ್ನು ಮಾಡು ಹತ್ತಿಸುವ ಹಕ್ಕು ಯಾವ ಹೆಂಚಿಗೂ ಇಲ್ಲ. ಗಟ್ಟಿಮುಟ್ಟಾಗಿರುವವರು ಮಾತ್ರ ಯೋಚಿಸಲಿ. ಶೀಟಿನ ಅಡಿ ಮಳೆಗಾಲವಿಡೀ ಒಬ್ಬರಿಗೊಬ್ಬರು ಕೂಗಿಯೇ ಮಾತಾಡಬೇಕು. ಕೂಗಿದ್ದೇ ಮಾತಾಗಿ, ಮಾತೇ ಜಗಳವಾದ ಮನೆಗಳಿವೆ.

ಮೂಲೆಯ ದೋಣಿ

ಎರಡು ಮಾಡುಗಳು ಕೂಡುವ ಒಳಮೂಲೆಯಲ್ಲಿ ತಗಡಿನ ದೋಣಿ ಇರುತ್ತದೆ. ಮನೆ ಸೋರುತ್ತದೆ ಎಂಬ ದೂರುಗಳಲ್ಲಿ ಹೆಂಚಿನ ಪಾಲಿಗಿಂತ ಇದರ ಪಾಲೇ ಹೆಚ್ಚು ಎಂಬುದು ಈ ಲೇಖಕನ ಅಭಿಪ್ರಾಯ. ಕಾರಣ ಸಿಲ್ವರ್ ಓಕ್. ಕಾಫಿಗೆ ನೆರಳಿಗೆಂದು, ಮೆಣಸಿಗೆ ಆಸರೆಗೆಂದು, ಕೊನೆಗೆ ಮಗಳ ಮದುವೆಗೆ ಮರವಾಗಿ ಮಾರಲೆಂದು ಮನೆ ಸುತ್ತ ನೆಟ್ಟ ಆಸ್ಟ್ರೇಲಿಯಾ ಮೂಲದ ಆ ಮರ ಬೇಸಿಗೆಯೆಲ್ಲ ಎಲೆ ಉದುರಿಸುತ್ತದೆ. ಎಲೆ ಬೇಗ ಕೊಳೆಯುವುದಿಲ್ಲ, ಒಂದಕ್ಕೊಂದು ಹೆಣೆದು ಚಾಪೆಯಾಗುತ್ತದೆ. ಮೊದಲ ಮಳೆಗೆ ಚಾಪೆ ನೆನೆದು ಕಟ್ಟೆಯಾಗುತ್ತದೆ, ದೋಣಿ ತುಂಬಿ ನೀರು ಎರಡೂ ಕಡೆ ಹೆಂಚಿನ ಅಡಿಗೆ ನುಗ್ಗುತ್ತದೆ. ಒಳಗೆ ನಿಂತು ನೋಡುವವರಿಗೆ ಹೆಂಚೇ ಒಡೆದಂತೆ ಕಾಣುತ್ತದೆ.

ಮೇ ಕೊನೆಯಲ್ಲಿ ಒಮ್ಮೆ, ಮೊದಲ ಜೋರು ಮಳೆ ನಿಂತ ಮೇಲೆ ಮತ್ತೊಮ್ಮೆ ದೋಣಿಯನ್ನು ಕೈಯಿಂದ ಗೋರಿ. ಪೊರಕೆಯಿಂದ ಕೆಳಕ್ಕೆ ತಳ್ಳಿದರೆ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ. ತಗಡು ತುಕ್ಕು ತಿಂದಿದ್ದರೆ ತೇಪೆ ಹಾಕುತ್ತಾ ಕೂರದೆ ಇಡೀ ತುಂಡನ್ನೇ ಬದಲಿಸಿ. ಈ ಮನೆಯಲ್ಲಿ ಜಿಪುಣತನ ಮಾಡಬಾರದ ಜಾಗ ಇದೊಂದೇ.

ವಾರಂಟಿಗೆ ಒಳಪಡದವು

ಮಂಗ. ಮಾಡಿನಿಂದ ಮಾಡಿಗೆ ಹಾರುವಾಗ ರೀಪು ನೋಡಿ ಕಾಲಿಡುವ ಶಿಸ್ತು ಅದಕ್ಕಿಲ್ಲ. ಅಟ್ಟಕ್ಕೆ ನುಗ್ಗುವ ಪುನುಗುಬೆಕ್ಕು: ಹೆಂಚನ್ನು ಒಡೆಯದೆ ನಾಜೂಕಾಗಿ ಸರಿಸಿ ಒಳಗೆ ಬರುತ್ತದೆ, ವಾಪಸು ಮುಚ್ಚುವುದಿಲ್ಲ. ಟೀವಿ ಡಿಶ್ ಕೂರಿಸಲು ಬಂದ ಹುಡುಗ. ಗಾಜಿನ ಹೆಂಚು ಹಾಕಿಸಿದ ಅಳಿಯ. ಬೆಳಕೂ ಬಂತು, ಬೆಳಕಿನ ಜೊತೆ ಬರಬೇಕಾದ್ದೂ ಬಂತು.

ಆನೆಯ ವಿಷಯದಲ್ಲಿ ಕೈಪಿಡಿಯ ಬಳಿ ತಮಾಷೆ ಇಲ್ಲ. ಆಲೂರು, ಸಕಲೇಶಪುರದ ತೋಟದ ಸಾಲುಗಳಲ್ಲಿ ರಾತ್ರಿ ಭತ್ತದ ವಾಸನೆ ಹಿಡಿದು ಬಂದ ಆನೆ ಗೋಡೆಗೇ ಕೈ ಹಾಕುತ್ತದೆ. ಗೋಡೆ ಬಿದ್ದ ಮೇಲೆ ಹೆಂಚಿನ ಲೆಕ್ಕ ಯಾರೂ ಮಾಡುವುದಿಲ್ಲ. ಭತ್ತವನ್ನು ಹೊರಗೋಡೆಗೆ ಒತ್ತಿ ಇಡಬೇಡಿ, ಮಲಗುವ ಕೋಣೆಯ ಪಕ್ಕದಲ್ಲಂತೂ ಬೇಡವೇ ಬೇಡ.

ತುರ್ತು

ಪುನರ್ವಸು ಮಳೆ ಬಿಡದೆ ಹೊಡೆಯುತ್ತಿದೆ, ಕರೆಂಟು ಹೋಗಿದೆ, ಹೇಮಾವತಿ ಹೊಳೆ ಮಲ್ಲೇಶ್ವರನ ದೇವಸ್ಥಾನದ ಕಡೆಗೆ ಏರುತ್ತಿದೆ ಎಂದು ಪೇಟೆಯಿಂದ ಸುದ್ದಿ ಬಂದಿದೆ, ನಿಮ್ಮ ಮಂಚದ ಮೇಲೆ ನೀರು ಬೀಳುತ್ತಿದೆ. ಮೊದಲು ಮಂಚ ಸರಿಸಿ. ಇದನ್ನು ಹೇಳಬೇಕೇ ಎನ್ನಬೇಡಿ, ಮಂಚ ಬಿಟ್ಟು ಮಾಡಿಗೆ ಏಣಿ ಹಾಕಲು ಓಡಿದವರಿದ್ದಾರೆ. ಮಳೆಯಲ್ಲಿ ಮಾಡು ಹತ್ತಕೂಡದು.

ಅಟ್ಟಕ್ಕೆ ಹೋಗಿ. ಸೀಳಿದ ಹೆಂಚು ಸಿಕ್ಕರೆ ಕೋಲಿನಿಂದ ಅದರ ಮೇಲಿನದನ್ನು ತುಸು ಎತ್ತಿ, ತಗಡಿನ ತುಂಡನ್ನೋ ಅಡಕೆ ಹಾಳೆಯನ್ನೋ ಎರಡರ ನಡುವೆ ತೂರಿಸಿ. ಮೇಲಿನ ತುದಿ ಮೇಲಿನ ಹೆಂಚಿನ ಅಡಿಯಲ್ಲಿ, ಕೆಳತುದಿ ಕೆಳಗಿನ ಹೆಂಚಿನ ಮೇಲೆ. ಉಲ್ಟಾ ಹಾಕಿದರೆ ಹಾಳೆ ಮಳೆನೀರನ್ನು ಆದರದಿಂದ ಒಳಗೆ ಕರೆತರುತ್ತದೆ. ಮೂಲ ಸಿಗದಿದ್ದರೆ ಪಕ್ಕಾಸಿನ ಮೇಲೆ ಹನಿ ಹರಿಯುವ ದಾರಿಗೆ ಒಂದು ದಾರ ಕಟ್ಟಿ ಬಕೀಟಿಗೆ ಇಳಿಬಿಡಿ. ನೀರು ದಾರ ಹಿಡಿದು ಸದ್ದಿಲ್ಲದೆ ಇಳಿಯುತ್ತದೆ. ಹಂಡೆ, ತಪ್ಪಲೆ ಇಟ್ಟಿದ್ದರೆ ತಳಕ್ಕೆ ಹಳೇ ಬಟ್ಟೆ ಹಾಕಿ, ನೀರು ಸಿಡಿಯುವುದಿಲ್ಲ, ಅತಿಥಿಗಳಿಗೆ ನಿದ್ದೆ ಬರುತ್ತದೆ. ಹಾಳೆ ಒಂದು ಮಳೆಗಾಲ ಬಾಳುತ್ತದೆ. ಬೇಸಿಗೆಯಲ್ಲಿ ನೆನಪಿನಿಂದ ತೆಗೆದು ಹೆಂಚು ಹಾಕಬೇಕು. ಹಾಳೆಯ ಮೇಲೆ ಹಾಳೆ ತೂರಿಸಿಕೊಂಡೇ ಬಂದ ಮನೆಗಳಲ್ಲಿ ಈಗ ಮಾಡು ಹೆಂಚಿನದೋ ಹಾಳೆಯದೋ ಹೇಳುವುದು ಕಷ್ಟ.

ಬಿಡಿಭಾಗಗಳು ಎಲ್ಲಿ ಸಿಗುತ್ತವೆ

ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿವೆ. ಇದ್ದಲ್ಲಿಂದ ತರಿಸುವುದಾದರೂ ನಿಮಗೆ ಹೆಂಚು ನೆನಪಾಗುವುದು ಜುಲೈ, ಆಗಸ್ಟಿನಲ್ಲಿ. 2018ರಲ್ಲಾದಂತೆ, 2024ರಲ್ಲಾದಂತೆ ಗುಡ್ಡ ಕುಸಿದು ರಸ್ತೆಯೂ ರೈಲೂ ನಿಲ್ಲುವುದು ಅದೇ ತಿಂಗಳುಗಳಲ್ಲಿ. ನಿಮ್ಮ ಗುರುತಿನ ಹಳೇ ಹೆಂಚಂತೂ ಈಗ ಯಾವ ಕಾರ್ಖಾನೆಯಲ್ಲೂ ಇಲ್ಲ. ಇರುವುದು ಇದೇ ಎರಡು ತಾಲ್ಲೂಕುಗಳ ಮಾಡುಗಳ ಮೇಲೆ ಮತ್ತು ಬಚ್ಚಲಮನೆಗಳ ಹಿಂದೆ.

ಆದ್ದರಿಂದ ಹಳೇ ಮನೆ ಕೆಡವಿ ಹೊಸದು ಕಟ್ಟಲು ಹೊರಟಿರುವವರಲ್ಲಿ ಒಂದು ವಿನಂತಿ. ಜೆಸಿಬಿ ತರಿಸುವ ಮೊದಲು ಎರಡು ದಿನ ತಡೆಯಿರಿ. ಹೆಂಚನ್ನು ಒಂದೊಂದಾಗಿ ಕೈಯಿಂದ ಇಳಿಸಿ, ಮಲಗಿಸದೆ ನಿಲ್ಲಿಸಿ ಜೋಡಿಸಿ, ಹೊಟ್ಟೆಯ ಮೇಲಿನ ಗುರುತನ್ನು ಓದಿ ಸಂತೆಯಲ್ಲಿ ನಾಲ್ಕು ಜನರಿಗೆ ಹೇಳಿ. ಅದೇ ಗುರುತಿಗೆ ಕಾಯುತ್ತಿರುವ ಮನೆ ನಿಮ್ಮ ಹೋಬಳಿಯಲ್ಲೇ ಇರುತ್ತದೆ. ಮೇ ತಿಂಗಳೊಳಗೆ ಹೇಳಿದರೆ ಅವರೇ ಗಾಡಿ ತಂದು ಒಯ್ಯುತ್ತಾರೆ.